ಸೇಲಂ ಜಿಲ್ಲೆಯ ಸಂತೆ, ಹರಾಜು, ಸರ್ಕಾರಿ ಪ್ರಕಟಣೆ

ಹತ್ತೊಂಬತ್ತನೆಯ ಶತಮಾನದ ಸೇಲಂ ಜಿಲ್ಲೆ ಇಂದಿನ ಸೇಲಂಗಿಂತ ಬಹಳ ದೊಡ್ಡದು. ಈಗಿನ ನಾಮಕ್ಕಲ್, ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಸೀಮೆಯೂ ಅದರಲ್ಲೇ ಸೇರಿತ್ತು. ಓದು ಬಲ್ಲವರು ತೀರ ಕಡಿಮೆಯಿದ್ದ ಆ ಕಾಲದಲ್ಲಿ ಹೊಲದ ಹರಾಜು, ಸಾರಾಯಿ ಅಂಗಡಿಯ ಗುತ್ತಿಗೆ, ಕಂದಾಯದ ಕಂತು ಯಾವುದಾದರೂ ಜನರ ಕಿವಿಗೆ ಬೀಳಬೇಕಾದರೆ ಸಂತೆ, ಚಾವಡಿ, ಕಚೇರಿಗಳೇ ದಾರಿ. ವ್ಯಾಪಾರಿಗೆ ಈ ಸುದ್ದಿ ಸಕಾಲಕ್ಕೆ ಸಿಕ್ಕರೆ ಲಾಭ. ರೈತನಿಗೆ ಅದು ಸಿಗದಿದ್ದರೆ ಹೊಲವೇ ಕೈತಪ್ಪಬಹುದಿತ್ತು.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಸುಲ್ತಾನನಿಂದ ಬಾರಾಮಹಲ್ ಮತ್ತು ಸೇಲಂ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದವು. ಹೊಸೂರು ಕಡೆಯ ಮೇಲುಸೀಮೆ ಸೇರಿದ್ದು 1799ರಲ್ಲಿ ಟಿಪ್ಪು ಮಡಿದ ಮೇಲೆ. ಮೊದಲ ಆಡಳಿತಗಾರ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್. ಅವನ ಸಹಾಯಕರಲ್ಲಿ ಒಬ್ಬನಾದ ಥಾಮಸ್ ಮನ್ರೋ ಧರ್ಮಪುರಿಯಲ್ಲಿ ಕೆಲವು ವರ್ಷ ನೆಲೆಸಿದ್ದ. ಈ ಸೀಮೆಯ ಸಾರ್ವಜನಿಕ ಪ್ರಕಟಣೆಗಳಲ್ಲಿ ಅತಿ ದೊಡ್ಡ ಪರಿಣಾಮ ಬೀರಿದ್ದು 1796ರ ಡಿಸೆಂಬರಿನಲ್ಲಿ ರೀಡ್ ಹೊರಡಿಸಿದ್ದು. ನಿಗದಿಯಾದ ಕಂದಾಯ ಕಟ್ಟುವವರೆಗೆ ಹೊಲ ರೈತನ ಬಳಿಯೇ ಇರುತ್ತದೆ, ಬೇಡವಾದ ಹೊಲವನ್ನು ಅವನು ವರ್ಷದ ಮೊದಲಿಗೆ ಬಿಟ್ಟುಕೊಡಬಹುದು, ಬೇಕಾದರೆ ಹೊಸದು ಹಿಡಿಯಬಹುದು ಎಂಬುದು ಅದರ ತಿರುಳು. ಮುಂದೆ ಮದರಾಸು ಪ್ರಾಂತ್ಯದ ಬಹುಭಾಗಕ್ಕೆ ಹಬ್ಬಿದ ರೈತವಾರಿ ಪದ್ಧತಿಗೆ ಬುನಾದಿ ಬಿದ್ದದ್ದು ಹೀಗೆ. ಆದರೆ 1802ರ ಶಾಶ್ವತ ಜಮೀನ್ದಾರಿ ನಿಯಮದ ಪ್ರಕಾರ ಇದೇ ಜಿಲ್ಲೆಯ ಊರುಗಳನ್ನು ಮಿಟ್ಟಾ ಎಂಬ ಜಮೀನ್ದಾರಿ ಘಟಕಗಳಾಗಿ ವಿಂಗಡಿಸಿ ಹರಾಜು ಹಾಕಲಾಯಿತು. ಕೊಂಡವರಲ್ಲಿ ಅನೇಕರು ಕಂದಾಯ ಕಟ್ಟಲಾಗದೆ ಸೋತರು. ಕೆಲವೇ ವರ್ಷಗಳ ಹಿಂದೆ ರೈತನಿಗೆ ಕೊಟ್ಟ ಮಾತನ್ನು ಸರ್ಕಾರ ತಾನೇ ಮುರಿದದ್ದು ದೊಡ್ಡ ಅನ್ಯಾಯ.

ವ್ಯಾಪಾರದ ಜೀವಾಳ ಬಟ್ಟೆ. ಸೇಲಂನಲ್ಲಿ ಕಂಪನಿಯ ವ್ಯಾಪಾರ ರೆಸಿಡೆಂಟನಿದ್ದ. ನೇಕಾರರಿಗೆ ಮುಂಗಡ ಹಣ ಕೊಟ್ಟು ಬಟ್ಟೆ ನೇಯಿಸಿ ಕೊಳ್ಳುವುದು ಅವನ ಕೆಲಸ. ಕೈಕೋಳರು, ತೆಲುಗು ಮತ್ತು ಕನ್ನಡ ಮಾತಾಡುವ ದೇವಾಂಗರು, ರೇಷ್ಮೆ ನೇಯುವ ಸೌರಾಷ್ಟ್ರರು ಇಲ್ಲಿನ ಮಗ್ಗದ ಜನ. ಮಗ್ಗ, ಅಂಗಡಿ, ಕಸುಬುಗಳ ಮೇಲೆ ಮೊಹತರ್ಫಾ ತೆರಿಗೆಯಿತ್ತು. ಅದು ರದ್ದಾದದ್ದು 1861ರಲ್ಲಿ. ಸರಕು ದಾಟುವಾಗ ಕಟ್ಟೆಕಟ್ಟೆಯಲ್ಲಿ ವಸೂಲಾಗುತ್ತಿದ್ದ ಒಳನಾಡಿನ ಸುಂಕ 1844ರಲ್ಲೇ ಹೋಗಿತ್ತು. ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತಿ ಮೈಸೂರು ಸೀಮೆಗೆ ಹೋಗಿ, ಅಲ್ಲಿಂದ ಧಾನ್ಯ ತರುತ್ತಿದ್ದರು. ಸೇಲಂ ಪಟ್ಟಣದೊಳಗೆ ಶೆವ್ವಾಯಿಪೇಟೆಯೇ ವ್ಯಾಪಾರದ ಕೇರಿ. ಅಲ್ಲಿ ಮಂಗಳವಾರ ಸಂತೆ ಕೂಡುತ್ತಿತ್ತು.

ಸಾಲ ಅಥವಾ ಕಂದಾಯದ ಬಾಕಿಗಾಗಿ ಆಸ್ತಿ ಮಾರಬೇಕಾದಾಗ ಪ್ರಕಟಣೆ ಹೇಗಿರಬೇಕೆಂದು ಕಾನೂನು ಬಿಡಿಬಿಡಿಯಾಗಿ ಹೇಳಿತ್ತು. 1859ರ ಸಿವಿಲ್ ಪ್ರಕ್ರಿಯಾ ಕಾಯಿದೆಯಂತೆ ಜಪ್ತಿಯಾದ ಆಸ್ತಿಯಿರುವ ಜಾಗದಲ್ಲೇ ತಮಟೆ ಬಾರಿಸಿಯೋ ವಾಡಿಕೆಯ ಬೇರೆ ರೀತಿಯಲ್ಲೋ ಹರಾಜನ್ನು ಸಾರಬೇಕು, ಬರಹದ ಪ್ರಕಟಣೆಯನ್ನು ನ್ಯಾಯಾಲಯದಲ್ಲಿ ಅಂಟಿಸಬೇಕು. ಸ್ಥಿರಾಸ್ತಿಗೆ ಕನಿಷ್ಠ 30 ದಿನ, ಚರಾಸ್ತಿಗೆ 15 ದಿನ ಬಿಟ್ಟೇ ಮಾರಬೇಕು. ಮದರಾಸಿನ 1864ರ ಕಂದಾಯ ವಸೂಲಿ ಕಾಯಿದೆ ಇನ್ನೂ ಮುಂದೆ ಹೋಯಿತು. ಬಾಕಿದಾರನ ಹೆಸರು, ಜಮೀನಿನ ವಿವರ, ಹರಾಜಿನ ದಿನಗಳಿರುವ ಪ್ರಕಟಣೆ ಇಂಗ್ಲಿಷಿನಲ್ಲೂ ಜಿಲ್ಲೆಯ ಭಾಷೆಯಲ್ಲೂ ಇರಬೇಕು. ಕಲೆಕ್ಟರ್ ಕಚೇರಿ, ತಾಲ್ಲೂಕು ಕಚೇರಿ, ಹತ್ತಿರದ ಪೊಲೀಸ್ ಠಾಣೆ, ಆ ಜಮೀನು, ಈ ನಾಲ್ಕೂ ಕಡೆ ಕಾಣುವಂತೆ ಒಂದು ತಿಂಗಳು ಮೊದಲೇ ಅದನ್ನು ಹಾಕಬೇಕು. ಕೂಗಿ ಗೆದ್ದವನು ಸ್ಥಳದಲ್ಲೇ ಶೇಕಡಾ 15ರಷ್ಟು ಹಣ ಕಟ್ಟಬೇಕಿತ್ತು.

ಜಿಲ್ಲೆಯ ಭಾಷೆ ಎಂದರೆ ಸೇಲಂ ಕಡೆ ತಮಿಳು. ಹೊಸೂರು, ಡೆಂಕಣಿಕೋಟೆಗಳ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ ಇಲ್ಲವೇ ತೆಲುಗು. ಅಲ್ಲಿ ಗೋಡೆಯ ಮೇಲಿನ ಕಾಗದ ಎಷ್ಟೇ ಕಾನೂನುಬದ್ಧವಾಗಿರಲಿ, ತೋಟಿ ಊರ ಮಾತಿನಲ್ಲಿ ಕೂಗಿ ಹೇಳಿದರಷ್ಟೇ ರೈತನಿಗೆ ತಿಳಿಯುತ್ತಿತ್ತು. ಹಣವಂತ ಸಾಹುಕಾರನಿಗೆ ಕಚೇರಿಯಲ್ಲಿ ಪರಿಚಯದವರಿರುತ್ತಿದ್ದರು. ಸುದ್ದಿಗಾಗಿ ಅವನು ತಮಟೆಗೆ ಕಾಯಬೇಕಿರಲಿಲ್ಲ.

1861ರಲ್ಲಿ ಮದರಾಸು ರೈಲು ಸೇಲಂ ಮುಟ್ಟಿತು. ನಿಲ್ದಾಣ ಊರಿನೊಳಗಲ್ಲ, ಹೊರಗೆ ಸೂರಮಂಗಲದಲ್ಲಿ. ಅದರಿಂದ ದೂರದ ಪೇಟೆಯ ಧಾರಣೆ ಇಲ್ಲಿನ ಧಾರಣೆಯನ್ನು ಎಳೆಯತೊಡಗಿತು. ಆಗ ಬೆಲೆಯನ್ನು ರೂಪಾಯಿಗೆ ಇಷ್ಟು ಸೇರು ಎಂದು ಬರೆಯುತ್ತಿದ್ದರು. ಪಟ್ಟಿಯಲ್ಲಿ ಅಂಕಿ ಇಳಿದರೆ ಧಾನ್ಯ ತುಟ್ಟಿಯಾಯಿತೆಂದು ಅರ್ಥ. ಸರ್ಕಾರಿ ಪ್ರಕಟಣೆಗಳನ್ನು ಅಚ್ಚು ಮಾಡಲು ಪ್ರಾಂತ್ಯಕ್ಕೆ 1832ರಿಂದ ಫೋರ್ಟ್ ಸೇಂಟ್ ಜಾರ್ಜ್ ಗೆಜೆಟ್ ಇತ್ತು. ಶತಮಾನದ ಎರಡನೆಯ ಅರ್ಧದಲ್ಲಿ ಜಿಲ್ಲೆಗೂ ತನ್ನದೇ ಗೆಜೆಟ್ ಬಂತು. 1876–78ರ ಮಹಾಕ್ಷಾಮದಲ್ಲಿ ಅಚ್ಚಾದ ಧಾರಣೆ ಹಸಿದವರಿಗೆ ಅನ್ನ ಕೊಡಲಿಲ್ಲ. ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದು ಎಂಬುದೇ ಸರ್ಕಾರದ ನೀತಿಯಾಗಿತ್ತು. 1871ರ ಜನಗಣತಿಯಲ್ಲಿ ಸುಮಾರು 19.67 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ 16 ಲಕ್ಷದಷ್ಟಕ್ಕೆ ಕುಸಿದಿತ್ತು.

ಸೇಲಂ ಪುರಸಭೆ ಸ್ಥಾಪನೆಯಾದದ್ದು 1866ರಲ್ಲಿ. ತೆರಿಗೆ, ಬೀದಿ, ನೈರ್ಮಲ್ಯಗಳ ಬಗ್ಗೆ ಊರಿಗೆ ಹೇಳುವ ಅಧಿಕಾರ ಈಗ ಅದಕ್ಕೂ ಬಂತು. ಪಗಡಾಲ ನರಸಿಂಹಲು ನಾಯುಡು ಅವರ ‘ಸೇಲಂ ದೇಶಾಭಿಮಾನಿ’ ಪತ್ರಿಕೆ ಬಂದ ಮೇಲೆ ಸರ್ಕಾರದ ಮಾತಿಗೆ ಊರಿನವರೂ ಅಚ್ಚಿನಲ್ಲೇ ಉತ್ತರ ಕೊಡುವಂತಾಯಿತು. ಸರ್ಕಾರಿ ಆದೇಶವನ್ನು ಪ್ರಶ್ನಿಸುವುದು ನ್ಯಾಯಾಲಯಕ್ಕೂ ಮುಟ್ಟಿತು. 1882ರಲ್ಲಿ ಶೆವ್ವಾಯಿಪೇಟೆಯ ಮಸೀದಿಯ ಮುಂದೆ ವಾದ್ಯದ ಮೆರವಣಿಗೆ ಹೋಗಬಹುದೇ ಎಂಬ ವಿವಾದ ಘೋರ ಗಲಭೆಯಾಯಿತು. ಸಾರ್ವಜನಿಕ ಬೀದಿಯಲ್ಲಿ ಮೆರವಣಿಗೆಯ ಹಕ್ಕು ಎಷ್ಟು, ಅದನ್ನು ತಡೆಯಲು ಮ್ಯಾಜಿಸ್ಟ್ರೇಟನಿಗೆ ಇರುವ ಅಧಿಕಾರ ಎಷ್ಟು ಎಂಬುದನ್ನು ಮದರಾಸು ಹೈಕೋರ್ಟ್ ಮರುವರ್ಷ ಸುಂದರಂ ಚೆಟ್ಟಿ ಪ್ರಕರಣದಲ್ಲಿ ಪರಿಶೀಲಿಸಿತು. ಗಲಭೆಯ ಆರೋಪ ಹೊತ್ತು ಬಿಡುಗಡೆಯಾದ ಪುರಸಭಾ ಸದಸ್ಯ ಸಿ. ವಿಜಯರಾಘವಾಚಾರ್ಯರನ್ನು ಸರ್ಕಾರ ಸದಸ್ಯತ್ವದಿಂದ ತೆಗೆದುಹಾಕಿತ್ತು. ಅವರು ಆ ಆದೇಶವನ್ನೇ ಪ್ರಶ್ನಿಸಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿಯ ಮೇಲೆ ದಾವೆ ಹೂಡಿ 1884ರಲ್ಲಿ ಗೆದ್ದರು.