ಕೆಡದ ಕಂಪ್ಯೂಟರ್ ಗುಜರಿಗೇಕೆ?

ಮಕ್ಕಳ ಓದಿಗೆಂದು ಹತ್ತು ವರ್ಷದ ಹಿಂದೆ ನೀವು ಕೊಂಡ ಕಂಪ್ಯೂಟರ್ ಇನ್ನೂ ಚೆನ್ನಾಗಿಯೇ ಓಡುತ್ತಿರಬಹುದು. ಯಾದಗಿರಿ, ಶಹಾಪುರ, ಸುರಪುರದ ಝೆರಾಕ್ಸ್ ಅಂಗಡಿಗಳಲ್ಲೂ ಅಂಥವು ಇದ್ದಾವು. ಆದರೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ಯಂತ್ರ ಓಡುತ್ತದೆ, ನಿಜ. ಹೊಸ ವೈರಸ್‌ಗಳಿಂದ ರಕ್ಷಣೆ ಮಾತ್ರ ಮೊದಲಿನಂತೆ ಸಿಗದು.

2021ರಲ್ಲಿ ಬಂದ ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಇಂಟೆಲ್ ಪ್ರೊಸೆಸರ್ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ನಂತರದ್ದೋ ಆಗಿರಬೇಕು. ದುಡ್ಡು ನಿಮ್ಮದು, ಯಂತ್ರ ನಿಮ್ಮದು, ತೀರ್ಮಾನ ಮಾತ್ರ ಕಂಪೆನಿಯದು! ಗುಪ್ತ ಕೀಲಿಗಳನ್ನು ಟಿಪಿಎಂ ಭದ್ರವಾಗಿ ಕಾಯುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೂ ಅದಿಲ್ಲದವರಿಗೆ ಎಚ್ಚರಿಕೆ ಕೊಟ್ಟು ಆಯ್ಕೆಯನ್ನು ಅವರಿಗೇ ಬಿಡಬಹುದಿತ್ತು. ಆಪಲ್ ಇನ್ನೂ ಬಿಗಿ. ತನ್ನ ಮ್ಯಾಕ್ ತಂತ್ರಾಂಶವನ್ನು ಬೇರೆ ಯಂತ್ರಕ್ಕೆ ಹಾಕಿ ಮಾರಿದ ಕಂಪೆನಿಯ ವಿರುದ್ಧ ಅದು 2009ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಗೆದ್ದಿತು.

ಗುಜರಿಯವನನ್ನು ಕರೆಯುವ ಮೊದಲು ಲಿನಕ್ಸ್ ಮಿಂಟ್ ಹಾಕಿಸಿ ನೋಡಿ. ಅದು ಉಚಿತ, ಕನ್ನಡ, ಉರ್ದು ಎರಡನ್ನೂ ಟೈಪ್ ಮಾಡಬಹುದು. ಅದಕ್ಕೂ ಮುಂಚೆ ಮದುವೆ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಲು ಮರೆಯಬೇಡಿ. ಅಂಗಡಿಯವರು ತಮ್ಮ ಪ್ರಿಂಟರ್ ಅದರಲ್ಲಿ ನಡೆಯುತ್ತದೆಯೇ ಎಂದು ಪರೀಕ್ಷಿಸಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಎಣಿಸುವ ಮುನ್ನ ಕೇಳಿ: ಇದು ಎಷ್ಟನೆಯ ಪೀಳಿಗೆಯದು?