ಹೆಸರು ಹೊಸದು, ಸಂಕೇತ ಹಳೆಯದೇ ಇರಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು 2007ರಲ್ಲಿ ರಾಮನಗರ ಜಿಲ್ಲೆಯಾದವು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂಬ ಹೆಸರನ್ನು ಒಪ್ಪಿತು.

ಕಚೇರಿಯ ಬೋರ್ಡಿಗೆ ಹೊಸ ಬಣ್ಣ ಬಳಿಯಲು ಒಂದು ದಿನ ಸಾಕು. ಆದರೆ ಜಿಲ್ಲೆಯ ಹೆಸರು ‘ಭೂಮಿ’ಯ ಪಹಣಿಯಲ್ಲಿದೆ, ‘ಕಾವೇರಿ’ಯ ನೋಂದಣಿಯಲ್ಲಿದೆ, ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲೂ ಇದೆ. ಇಂಥ ತಂತ್ರಾಂಶಗಳು ಆ ಹೆಸರನ್ನು ತಮ್ಮತಮ್ಮೊಳಗೇ ಬರೆದಿಟ್ಟುಕೊಂಡರೆ ಎಲ್ಲ ಕಡೆ ಹುಡುಕಿ ತಿದ್ದಬೇಕು. ಒಂದು ಕಡೆ ತಪ್ಪಿಹೋದರೂ ಮಾಗಡಿಯ ರೈತನ ಪಹಣಿಯಲ್ಲಿ ಒಂದು ಜಿಲ್ಲೆ, ಪ್ರಮಾಣಪತ್ರದಲ್ಲಿ ಇನ್ನೊಂದು. ಸಾಲದ ಅರ್ಜಿ ಬ್ಯಾಂಕಿನ ಮೇಜಿನ ಮೇಲೇ ನಿಲ್ಲುತ್ತದೆ.

ಅದಕ್ಕೇ ಎಲ್ಲರಿಗೂ ಬೇಕಾದ ಇಂಥ ಮಾಹಿತಿಯನ್ನು ಒಂದೇ ಕಡೆ ಇಟ್ಟು, ತಂತ್ರಾಂಶಗಳು ಅಲ್ಲಿಂದಲೇ ಓದಿಕೊಳ್ಳಬೇಕು. ಅವು ತಮ್ಮಲ್ಲಿ ಇಟ್ಟುಕೊಳ್ಳಬೇಕಾದದ್ದು ಹೆಸರನ್ನಲ್ಲ, ಸಂಕೇತ ಸಂಖ್ಯೆಯನ್ನು. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೂ ಅಂಥದೊಂದು ಸಂಖ್ಯೆ ಕೊಟ್ಟಿದೆ.

ಇಲ್ಲಿ ಅದು ತೀರಾ ಮುಖ್ಯ. ಬೆಂಗಳೂರು ನಗರ ಜಿಲ್ಲೆಯಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ತಾಲ್ಲೂಕು ಮೊದಲೇ ಇದೆ. ಅದೇ ಹೆಸರಿನ ಲೋಕಸಭಾ ಕ್ಷೇತ್ರವೂ ಇದೆ. ಬರೀ ಹೆಸರನ್ನೇ ನಂಬಿದರೆ ಕೆಂಗೇರಿಯ ಕಡತ ಕನಕಪುರದ ಲೆಕ್ಕಕ್ಕೆ ಸೇರೀತು.

ಇನ್ನೂ ಒಂದು ತೊಡಕಿದೆ. ವೇಗಕ್ಕಾಗಿ ಸರ್ವರ್‌ಗಳು ಹೆಸರು, ಸಂಕೇತಗಳ ಈ ಪಟ್ಟಿಯ ನಕಲನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತವೆ. ಮೂಲವನ್ನು ತಿದ್ದಿದ ಮೇಲೂ ನಕಲು ಹೊಸದಾಗುವವರೆಗೆ ಹಳೆಯ ಹೆಸರೇ ಕಾಣುತ್ತದೆ. ಇತ್ತ 2010ರಲ್ಲಿ ನೋಂದಣಿಯಾದ ಕ್ರಯಪತ್ರದಲ್ಲಿ ರಾಮನಗರ ಎಂದೇ ಉಳಿಯಬೇಕು. ಹಾಗಾಗಿ ಪ್ರತಿ ಹೆಸರಿನ ಪಕ್ಕದಲ್ಲೂ ಅದು ಜಾರಿಗೆ ಬಂದ ದಿನಾಂಕ ಇರಲೇಬೇಕು.