ಬರೆದ ಮುಖ, ಕಂಡ ಮುಖ

ಬಾಣಾಸುರನ ಮಗಳು ಉಷೆಯು ಕನಸಿನಲ್ಲಿ ಒಬ್ಬ ತರುಣನನ್ನು ಕಂಡು ಮನಸೋತಳು. ಅವನ ಹೆಸರು ತಿಳಿಯದು, ಊರು ತಿಳಿಯದು. ಆಗ ಅವಳ ಸಖಿ, ಮಂತ್ರಿಪುತ್ರಿ ಚಿತ್ರಲೇಖೆಯು, ದೇವಗಂಧರ್ವರಿಂದ ಮೊದಲುಗೊಂಡು ಮಾನವರವರೆಗೆ ಒಬ್ಬೊಬ್ಬರ ರೂಪವನ್ನೂ ಬರೆದು ತೋರಿಸುತ್ತ ಹೋದಳು. ಪ್ರದ್ಯುಮ್ನನ ಚಿತ್ರವನ್ನು ಕಂಡಾಗ ಉಷೆಗೆ ನಾಚಿಕೆಯಾಯಿತು. ಅವನ ಮಗ ಅನಿರುದ್ಧನ ಚಿತ್ರವನ್ನು ಕಂಡಾಗ ತಲೆಯೇ ಬಾಗಿತು. ಗುರುತು ಸಿಕ್ಕಿತು, ಮುಂದೆ ಮದುವೆಯೂ ಆಯಿತು. ಭಾಗವತದ ಈ ಕಥೆಯಲ್ಲಿ ಚಿತ್ರಗಾರ್ತಿಯ ಕೈ ಎಲ್ಲಿಯೂ ತಪ್ಪಲಿಲ್ಲ. ಚರಿತ್ರೆಯ ಚಿತ್ರಕಾರರಿಗೆ ಅಂತಹ ಸೌಭಾಗ್ಯವಿರಲಿಲ್ಲ. ಅವರ ಮುಂದೆ ಕುಳಿತವರಿಗೆ ತಮ್ಮ ಮುಖ ಹೇಗಿದೆ ಎಂಬುದಕ್ಕಿಂತ ಹೇಗಿರಬೇಕು ಎಂಬುದೇ ಮುಖ್ಯವಾಗಿತ್ತು.

ರೋಮನ್ನರ ಆಳ್ವಿಕೆಗೆ ಒಳಪಟ್ಟಿದ್ದ ಈಜಿಪ್ಟಿನಲ್ಲಿ, ಕ್ರಿಸ್ತಶಕದ ಮೊದಲ ಮೂರು ಶತಮಾನಗಳಲ್ಲಿ, ಬಟ್ಟೆಯಿಂದ ಸುತ್ತಿದ ಶವದ ಮುಖದ ಭಾಗದಲ್ಲಿ ತೆಳುವಾದ ಮರದ ಹಲಗೆಯೊಂದನ್ನು ಸೇರಿಸುವ ಪದ್ಧತಿಯಿತ್ತು. ಆ ಹಲಗೆಯ ಮೇಲೆ, ಅನೇಕ ವೇಳೆ ಬಣ್ಣ ಬೆರಸಿದ ಜೇನುಮೇಣದಿಂದ, ಮೃತರ ಮುಖವನ್ನು ಬರೆದಿರುತ್ತಿದ್ದರು. ಫಯೂಮ್ ಪ್ರಾಂತದ ಹವಾರದಲ್ಲಿ 1888ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞನು ಉತ್ಖನನ ನಡೆಸಿದಾಗ ಇಂತಹ ಚಿತ್ರಗಳು ದೊರೆತವು. ಈವರೆಗೆ ಸುಮಾರು 900 ಬೆಳಕಿಗೆ ಬಂದಿವೆ. ಓಲೆ ಹಾರಗಳನ್ನು ಧರಿಸಿದ ಗೃಹಿಣಿಯರು, ಆಗತಾನೆ ಮೀಸೆ ಮೂಡುತ್ತಿರುವ ಹುಡುಗರು ತಮ್ಮ ವಿಶಾಲವಾದ ಕಣ್ಣುಗಳಿಂದ ನೋಡುವವರನ್ನೇ ದಿಟ್ಟಿಸುತ್ತಾರೆ. ಕೊನೆಗೆ ಶವದೊಡನೆ ಮಣ್ಣು ಸೇರುವ ಈ ಚಿತ್ರಗಳ ವಿಷಯದಲ್ಲಿ, ಮುಖ ಹೋಲುವುದಿಲ್ಲವೆಂದು ಜಗಳಕ್ಕೆ ನಿಲ್ಲಲು ಮೂಲವ್ಯಕ್ತಿಯೇ ಇರುತ್ತಿರಲಿಲ್ಲ!

ಜಗಳಕ್ಕೆ ನಿಲ್ಲಬಲ್ಲವನು ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ. ಮೂರನೆಯ ರಾಣಿ ಜೇನ್ ಸೀಮೋರ್ 1537ರಲ್ಲಿ ತೀರಿಕೊಂಡ ಮೇಲೆ ಅವನು ಮತ್ತೆ ಕನ್ಯಾನ್ವೇಷಣೆಗೆ ತೊಡಗಿದನು. ಸಮುದ್ರದಾಚೆಯ ಹೆಣ್ಣುಗಳನ್ನು ದೊರೆ ತಾನೇ ಹೋಗಿ ನೋಡುವಂತಿಲ್ಲ. ಆದುದರಿಂದ ತನ್ನ ಆಸ್ಥಾನದ ಚಿತ್ರಕಾರ, ಜರ್ಮನ್ ಮೂಲದ ಹಾನ್ಸ್ ಹೋಲ್ಬೈನನನ್ನು ಕಳುಹಿಸಿದನು. ಇಂದಿನ ವಧುಪರೀಕ್ಷೆಯಲ್ಲಿ ಜಾತಕದೊಡನೆ ಬರುವ ಫೋಟೋ ಮಾಡುವ ಕೆಲಸವನ್ನೇ ಅಂದು ಹೋಲ್ಬೈನನ ಕುಂಚವು ಮಾಡಬೇಕಾಗಿತ್ತು. 1538ರ ಮಾರ್ಚಿಯಲ್ಲಿ ಬ್ರಸೆಲ್ಸ್ ನಗರದಲ್ಲಿ ಡೆನ್ಮಾರ್ಕಿನ ರಾಜಪುತ್ರಿ ಕ್ರಿಸ್ಟೀನಾ ಅವನ ಮುಂದೆ ಮೂರು ಗಂಟೆಗಳ ಕಾಲ ನಿಂತಳು. ಚಿತ್ರವನ್ನು ಕಂಡು ದೊರೆ ಹಿಗ್ಗಿದನು. ಸಂಬಂಧ ಮಾತ್ರ ಕೂಡಿಬರಲಿಲ್ಲ.

ಮರುವರ್ಷ ಜರ್ಮನಿಯ ಕ್ಲೀವ್ಸ್ ಸಂಸ್ಥಾನದ ಆನ್ ಎಂಬ ಕನ್ಯೆಯ ಮಾತು ಬಂದಿತು. ಪ್ರಾಟೆಸ್ಟಂಟ್ ಸಂಸ್ಥಾನಗಳ ಸ್ನೇಹವನ್ನು ಬಯಸಿದ್ದ ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನೇ ಈ ಸಂಬಂಧದ ಸೂತ್ರಧಾರ. ಹೋಲ್ಬೈನನು ತೊಗಲಿನ ಹಾಳೆಯ ಮೇಲೆ ಅವಳನ್ನು ಎದುರುಮುಖವಾಗಿ ಬರೆದನು: ಕೈ ಜೋಡಿಸಿಕೊಂಡ ನಿಲುವು, ಅರ್ಧ ಮುಚ್ಚಿದಂತಹ ಕಣ್ಣುಗಳು, ಮುಖಕ್ಕಿಂತ ಹೆಚ್ಚು ಮಾತಾಡುವ ಉಡುಗೆತೊಡುಗೆ. ರೂಪವು ಜೀವಂತವಾಗಿ ಮೂಡಿದೆಯೆಂದು ಅಲ್ಲಿದ್ದ ಇಂಗ್ಲಿಷ್ ರಾಯಭಾರಿಯೇ ಬರೆದು ತಿಳಿಸಿದನು. ಮದುವೆ ನಿಶ್ಚಯವಾಯಿತು.

1540ರ ಹೊಸವರ್ಷದ ದಿನ, ತಾಳ್ಮೆಗೆಟ್ಟ ದೊರೆ ಮಾರುವೇಷದಲ್ಲಿ ರಾಚೆಸ್ಟರಿಗೆ ಧಾವಿಸಿ ಅವಳನ್ನು ಕಂಡನು. ಅವಳಿಗೆ ಅವನ ಗುರುತೇ ಸಿಗಲಿಲ್ಲ. ಅವನಿಗೆ ಅವಳು ರುಚಿಸಲಿಲ್ಲ. ಜನವರಿ 6ರಂದು ನಡೆದ ವಿವಾಹವು ಜುಲೈನಲ್ಲಿ ರದ್ದಾಯಿತು. ಅದೇ ತಿಂಗಳ 28ರಂದು ಕ್ರಾಮ್‌ವೆಲ್ಲನ ತಲೆ ಉರುಳಿತು. ಅವನ ಪತನಕ್ಕೆ ಬೇರೆ ಕಾರಣಗಳೂ ಇದ್ದುವು, ನಿಜ. ಆದರೆ ಈ ಮದುವೆಯ ಕಹಿ ಅವುಗಳೊಡನೆ ಸೇರಿತು. ಆಶ್ಚರ್ಯವೆಂದರೆ ಚಿತ್ರಕಾರನಿಗೆ ಶಿಕ್ಷೆಯಾಗಲಿಲ್ಲ. ಹೋಲ್ಬೈನನು ಸುಳ್ಳು ಬರೆದನೆಂಬ ಅಪವಾದವು ಇಂದಿಗೂ ಕೇಳಿಬರುವುದುಂಟು. ಆ ಶಾಂತವಾದ, ಅಷ್ಟೇನೂ ಮೋಹಕವಲ್ಲದ ಮುಖವನ್ನು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ನೋಡುವವರಿಗೆ, ಸುಳ್ಳು ಕುಂಚದಲ್ಲಿರದೆ ದೊರೆಯ ಆಸೆಯಲ್ಲಿತ್ತೆಂದು ತೋರಿದರೆ ತಪ್ಪಲ್ಲ.

ಇದೇ ಶತಮಾನದ ಉತ್ತರಾರ್ಧದಲ್ಲಿ ಭಾರತದಲ್ಲಿ ಅಕ್ಬರನು ತಾನೂ ಚಿತ್ರಕಾರರ ಮುಂದೆ ಕುಳಿತು, ತನ್ನ ಸರದಾರರೆಲ್ಲರ ಭಾವಚಿತ್ರಗಳನ್ನೂ ಬರೆಯಿಸಿ ದೊಡ್ಡದೊಂದು ಸಂಪುಟವನ್ನು ಸಿದ್ಧಗೊಳಿಸಿದನೆಂದು ಅಬುಲ್ ಫಜಲನು ಹೇಳುತ್ತಾನೆ. ಅವನ ಮಗ ಜಹಾಂಗೀರನಂತೂ ಈ ಕಲೆಯ ಹುಚ್ಚನ್ನೇ ಹಚ್ಚಿಕೊಂಡಿದ್ದನು. ಒಂದೇ ಮುಖದಲ್ಲಿ ಕಣ್ಣು ಹುಬ್ಬುಗಳನ್ನು ಬೇರೊಬ್ಬನು ಬರೆದಿದ್ದರೂ, ಯಾವುದು ಯಾರ ಕೈ ಎಂದು ತಾನು ಹೇಳಬಲ್ಲೆನೆಂಬುದು ಅವನ ಹೆಮ್ಮೆ.

1618ರಲ್ಲಿ ಅವನ ಆಪ್ತ ಸೇವಕನಾದ ಇನಾಯತ್ ಖಾನನು ಆಗ್ರಾಕ್ಕೆ ಹೋಗಲು ಅಪ್ಪಣೆ ಬೇಡಿದನು. ಅಫೀಮು ಮತ್ತು ಮದ್ಯ ಅವನನ್ನು ತಿಂದುಹಾಕಿದ್ದುವು. ಪಲ್ಲಕ್ಕಿಯಲ್ಲಿ ಹೊತ್ತು ತಂದಾಗ ಉಳಿದಿದ್ದುದು ಎಲುಬಿನ ಮೇಲೆ ಎಳೆದ ಚರ್ಮ ಮಾತ್ರ. ಬಾದಶಹನು ಬೆರಗಾಗಿ, ಕೂಡಲೆ ಈ ರೂಪವನ್ನು ಬರೆಯಿರೆಂದು ಚಿತ್ರಕಾರರಿಗೆ ಆಜ್ಞಾಪಿಸಿದನು. ಹಣ ಕೊಟ್ಟು ಅವನನ್ನು ಬೀಳ್ಕೊಟ್ಟನು. ಮರುದಿನ ಇನಾಯತ್ ಖಾನನು ಮರಣಹೊಂದಿದನು. ದಿಂಬುಗಳ ನಡುವೆ ಒರಗಿ, ಎದೆಗೂಡು ತೆರೆದು, ಶೂನ್ಯವನ್ನು ನೋಡುತ್ತಿರುವ ಆ ಚಿತ್ರವು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರ ರೇಖಾಚಿತ್ರವು ಅಮೆರಿಕದ ಬಾಸ್ಟನ್ನಿನಲ್ಲಿದೆ. ಅದರಲ್ಲಿ ಮುಖಸ್ತುತಿಯ ಒಂದು ಗೆರೆಯೂ ಇಲ್ಲ. ಇದನ್ನು ಕ್ರೌರ್ಯವೆನ್ನುವುದು ಸುಲಭ. ಆದರೆ ಜಹಾಂಗೀರನೂ ಅಫೀಮು ಮದ್ಯಗಳಿಗೆ ದಾಸನಾಗಿದ್ದವನು; ಅವನ ಇಬ್ಬರು ತಮ್ಮಂದಿರು ಕುಡಿತದಿಂದಲೇ ಸತ್ತಿದ್ದರು. ಸಾಯುವ ಸೇವಕನ ಮುಖದಲ್ಲಿ ಅವನು ಕಂಡದ್ದು ಸೇವಕನೊಬ್ಬನನ್ನೇ ಅಲ್ಲದಿರಬಹುದು.

1839ರಲ್ಲಿ ಫ್ರಾನ್ಸಿನ ದಾಗೆರನ ಛಾಯಾಚಿತ್ರ ವಿಧಾನವು ಪ್ರಕಟವಾದಂದಿನಿಂದ ಹೋಲಿಕೆಯ ಕೆಲಸವು ಯಂತ್ರದ ಪಾಲಾಯಿತು. ಕಿರುಚಿತ್ರಗಳನ್ನು ಬರೆದು ಹೊಟ್ಟೆ ಹೊರೆಯುತ್ತಿದ್ದವರಲ್ಲಿ ಹಲವರು ಕುಂಚವನ್ನು ಬಿಟ್ಟು ಕ್ಯಾಮರಾ ಹಿಡಿದರು. ಆದರೂ ದೊಡ್ಡವರಿಗೆ ದೊಡ್ಡ ಸನ್ಮಾನವೆಂದರೆ ಇಂದಿಗೂ ತೈಲಚಿತ್ರವೇ.

1954ರ ನವೆಂಬರ್ 30ರಂದು ವಿನ್‌ಸ್ಟನ್ ಚರ್ಚಿಲ್ಲರಿಗೆ 80 ತುಂಬಿದಾಗ ಬ್ರಿಟಿಷ್ ಪಾರ್ಲಿಮೆಂಟಿನ ಸದಸ್ಯರು ಗ್ರಹಾಂ ಸದರ್ಲೆಂಡ್ ಎಂಬ ಕಲಾವಿದನಿಂದ ಬರೆಯಿಸಿದ ಚಿತ್ರವನ್ನು ಅವರಿಗೆ ಅರ್ಪಿಸಿದರು. ತಮ್ಮನ್ನು ದೇವಶಿಶುವಿನಂತೆ ಬರೆಯುವಿರೋ ಬುಲ್‌ಡಾಗ್ ನಾಯಿಯಂತೆಯೋ ಎಂದು ಚರ್ಚಿಲ್ಲರು ಮೊದಲೇ ಕೇಳಿದ್ದರು. ಚಿತ್ರದಲ್ಲಿ ಮೂಡಿದವನು ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು ಕುಳಿತ ವೃದ್ಧ. ತುಂಬಿದ ಸಭೆಯಲ್ಲಿ ಚರ್ಚಿಲ್ಲರು ಅದನ್ನು ಆಧುನಿಕ ಕಲೆಯ ಅಪೂರ್ವ ಮಾದರಿಯೆಂದು ಬಣ್ಣಿಸಿದಾಗ ನಗೆಯ ಅಲೆಯೆದ್ದಿತು. ಹವ್ಯಾಸದ ಚಿತ್ರಕಾರರೂ ಆಗಿದ್ದ ಅವರು ಆ ಮುಖವನ್ನು ಕೊನೆಯವರೆಗೂ ಕ್ಷಮಿಸಲಿಲ್ಲ.

ಚಿತ್ರವು ಮನೆಗೆ ಬಂದಿತು, ಗೋಡೆಗೆ ಏರಲಿಲ್ಲ. ಶ್ರೀಮತಿ ಚರ್ಚಿಲ್ಲರ ಸಮ್ಮತಿಯಿಂದ ಅದನ್ನು ಸುಟ್ಟುಹಾಕಲಾಯಿತೆಂಬ ಸಂಗತಿಯು ಲೋಕಕ್ಕೆ ತಿಳಿದುದು ಆಕೆ ತೀರಿಕೊಂಡ ಮೇಲೆ, 1978ರಲ್ಲಿ. ಸದರ್ಲೆಂಡನು ಪೂರ್ವಸಿದ್ಧತೆಗಾಗಿ ಬರೆದುಕೊಂಡಿದ್ದ ಚಿತ್ರಗಳು ಮಾತ್ರ ಉಳಿದುಕೊಂಡವು. ಅವುಗಳಲ್ಲಿ ಕೆಲವು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿವೆ.